ಡಾಕ್ಟರ್ ಕೇಳಲಿಲ್ಲ, ಅಮ್ಮ ಹೇಳಲಿಲ್ಲ: ಇಳಿಯದೇ ಇದ್ದ ಬಿಪಿಯ ಒಂದು ಪ್ರಕರಣ

ರೋಗಿಗೆ 64 ವರ್ಷ. ಬಿಪಿ ಬಂದು ಹತ್ತು ವರ್ಷಕ್ಕಿಂತ ಜಾಸ್ತಿ ಆಗಿದೆ. ಜೊತೆಗೆ ಎರಡೂ ಮಂಡಿಗಳಲ್ಲಿ ಸವೆತದ ನೋವು. ಸಕ್ಕರೆ ಕಾಯಿಲೆ ಇಲ್ಲ, ಹೃದಯದ ತೊಂದರೆ ಇಲ್ಲ. ಬಹಳ ವರ್ಷ ಎರಡು ಮಾತ್ರೆಯಲ್ಲಿ ಹಿಡಿತದಲ್ಲಿದ್ದ ಬಿಪಿ ಸುಮಾರು ಒಂದು ವರ್ಷದಿಂದ ಏರುತ್ತಾ ಹೋಯಿತು. ಮಾತ್ರೆ ಹೆಚ್ಚಿಸಿದರು, ಇಳಿಯಲಿಲ್ಲ. ಇನ್ನೊಂದು ಮಾತ್ರೆ ಸೇರಿಸಿದರು, ಆಗಲೂ ಇಳಿಯಲಿಲ್ಲ. ಅದರ ಜೊತೆಗೆ ಕಿಡ್ನಿ ಪರೀಕ್ಷೆಯ ಸಂಖ್ಯೆಯೂ ಏರಿತು. ಮುಂದೆ ಸ್ಕ್ಯಾನ್, ಕಿಡ್ನಿ ತಜ್ಞರು ಅಂತ ಮಾತು ಶುರುವಾಗಿತ್ತು.

ದೀರ್ಘ ಕಾಲದ ಕಾಯಿಲೆ ಇರುವವರು ಡಾಕ್ಟರ್ ಭೇಟಿಗೆ ಮೊದಲು ಏನು ಹೇಳಬೇಕು, ಏನು ಕೇಳಬೇಕು ಅಂತ ತಯಾರಾಗಲು ಸಹಾಯ ಮಾಡುವುದು ನನ್ನ ಕೆಲಸ. ಈ ಅಮ್ಮನ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯಲು ಕಾರಣ ಒಂದೇ. "ಡಾಕ್ಟರ್ ಹತ್ತಿರ ಧೈರ್ಯವಾಗಿ ಮಾತಾಡಿ" ಅಂತ ಎಲ್ಲರೂ ರೋಗಿಗಳಿಗೆ ಹೇಳುತ್ತಾರೆ. ಈ ಅಮ್ಮನಿಗೆ ಧೈರ್ಯದ ಕೊರತೆ ಏನೂ ಇರಲಿಲ್ಲ. ಆ ಕೋಣೆಯೊಳಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ಆಗಿರಲಿಲ್ಲ, ಅಷ್ಟೇ. ಅದು ಆದ ಮೇಲೆ ಉಳಿದದ್ದೆಲ್ಲ ತುಂಬಾ ಬೇಗ ಸರಿಹೋಯಿತು.

ಫೈಲ್‌ನಲ್ಲಿ ಇದ್ದದ್ದು

ಮೊದಲಿನಿಂದ ಇದ್ದ ಮಾತ್ರೆಗಳು ರಾಮಿಪ್ರಿಲ್ ಮತ್ತು ಅಮ್ಲೋಡಿಪಿನ್ 5 ಮಿಲಿಗ್ರಾಂ. ಬಿಪಿ ಏರಿದಾಗ ಅಮ್ಲೋಡಿಪಿನ್ 10 ಆಯಿತು. ಅದಾದ ಕೆಲವು ವಾರಕ್ಕೆ ಎರಡೂ ಪಾದದಲ್ಲಿ ಊತ ಬಂತು. ಊತಕ್ಕೆ ಅಂತ ಮೂತ್ರ ಹೆಚ್ಚಿಸುವ ಮಾತ್ರೆ, ಫ್ಯುರೊಸೆಮೈಡ್, ಸೇರಿತು. ನಂತರದ ಭೇಟಿಯಲ್ಲಿ ಬಿಪಿ 168/94. ಕಿಡ್ನಿ ಪರೀಕ್ಷೆಯ ಸಂಖ್ಯೆ, ಕ್ರಿಯಾಟಿನಿನ್, 0.8 ಇದ್ದದ್ದು 1.3ಕ್ಕೆ ಬಂದಿತ್ತು. ಪ್ರತಿ ಭೇಟಿಯ ಟಿಪ್ಪಣಿಯಲ್ಲೂ ಒಂದೇ ಸಾಲು: "ಮಾತ್ರೆಗಳನ್ನು ಕ್ರಮವಾಗಿ ತೆಗೆದುಕೊಳ್ಳುತ್ತಿದ್ದಾರೆ."

ಆ ಸಾಲು ಎಲ್ಲಿಂದ ಬಂತು? ಮಗನ ಬಾಯಿಂದ. ಪ್ರತಿ ಸಲ ಅಮ್ಮನ ಜೊತೆ ಮಗ ಬರುತ್ತಿದ್ದರು. ಒಳ್ಳೆಯ ಮಗ, ಕೆಲಸ ಬಿಟ್ಟು ಬರುವವರು, ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಇಡುವವರು. ಡಾಕ್ಟರ್ "ಹೇಗಿದ್ದೀರಮ್ಮ?" ಅಂದರೆ "ಬಿಪಿ ಇನ್ನೂ ಕಂಟ್ರೋಲ್‌ಗೆ ಬಂದಿಲ್ಲ ಡಾಕ್ಟ್ರೇ" ಅಂತ ಮಗ ಉತ್ತರಿಸುತ್ತಿದ್ದರು. "ಮಾತ್ರೆ ಸರಿಯಾಗಿ ತಗೊಳ್ತಾ ಇದ್ದಾರಾ?" ಅಂದರೆ "ಹೌದು, ನಾನೇ ತಂದುಕೊಡ್ತೀನಿ" ಅಂತಲೂ ಅವರೇ. ಅಮ್ಮ ಪಕ್ಕದಲ್ಲಿ ತಲೆಯಾಡಿಸುತ್ತಿದ್ದರು. ಮಗ ಸುಳ್ಳು ಹೇಳಿಲ್ಲ. ಮಾತ್ರೆ ತಂದುಕೊಡುವುದು ಅವರಿಗೆ ಗೊತ್ತು. ಅವು ಹೊಟ್ಟೆಗೆ ಹೋಗುತ್ತಿವೆಯಾ ಅನ್ನುವುದು ಗೊತ್ತಿಲ್ಲ.

ಡಾಕ್ಟರನ್ನೂ ದೂರುವ ಹಾಗಿಲ್ಲ. ಅವರ ಮುಂದೆ ಇದ್ದ ಮಾಹಿತಿಗೆ ಅವರು ಮಾಡಿದ್ದು ಸರಿಯೇ. ಮಾತ್ರೆ ತೆಗೆದುಕೊಂಡೂ ಬಿಪಿ ಇಳಿಯದಿದ್ದರೆ ಡೋಸ್ ಹೆಚ್ಚಿಸಬೇಕು, ಬೇರೆ ಕಾರಣ ಹುಡುಕಬೇಕು. ಅವರು ಹುಡುಕುತ್ತಿದ್ದರು. ಆದರೆ ಹುಡುಕಾಟಕ್ಕೆ ಬೇಕಾದ ಮಾಹಿತಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರ ತಲೆಯಲ್ಲಿತ್ತು, ಅದನ್ನು ಹೊರಗೆ ತರುವಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಅಮ್ಮನ ಬಾಯಿಂದ ಬಂದದ್ದು

ನನ್ನ ಹತ್ತಿರ ಬಂದಾಗ ಮಗನಿಗೆ ಹೊರಗೆ ಸ್ವಲ್ಪ ಹೊತ್ತು ಕೂರಲು ಹೇಳಿದೆ. ಇದನ್ನು ನಾನು ಎಲ್ಲರ ವಿಷಯದಲ್ಲೂ ಮಾಡುತ್ತೇನೆ, ಹಾಗಾಗಿ ಯಾರಿಗೂ ಬೇಜಾರಾಗುವುದಿಲ್ಲ. ಮನೆಯಲ್ಲಿ ಇರುವ ಎಲ್ಲ ಮಾತ್ರೆ, ಮುಲಾಮು, ಪುಡಿ, ಸಿರಪ್, ಒಂದನ್ನೂ ಬಿಡದೆ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಅಂತ ಮೊದಲೇ ಹೇಳಿದ್ದೆ. "ಬಿಪಿ ಮಾತ್ರೆ ತನ್ನಿ" ಅಂತ ಹೇಳಿದ್ದರೆ ಮೂರು ಪಟ್ಟಿ ಬರುತ್ತಿತ್ತು, ನನಗೂ ಏನೂ ಗೊತ್ತಾಗುತ್ತಿರಲಿಲ್ಲ.

ಚೀಲವನ್ನು ಮೇಜಿನ ಮೇಲೆ ಬಿಡಿಸಿದಾಗ ಬಿಪಿ ಮಾತ್ರೆಗಳ ಜೊತೆ ನೋವಿನ ಮಾತ್ರೆ ಐಬುಪ್ರೊಫೆನ್ 400ರ ಪಟ್ಟಿಗಳು ಬಂದವು. ಒಂದು ಅರ್ಧ ಖಾಲಿ, ಇನ್ನೊಂದು ಹೊಸದು. ಬಿಪಿ ಮಾತ್ರೆಗಳಲ್ಲಿ ಆ ಹೊತ್ತಿಗೆ ಉಳಿದಿರಬೇಕಾದದ್ದಕ್ಕಿಂತ ಜಾಸ್ತಿ ಮಾತ್ರೆ ಉಳಿದಿದ್ದವು.

ನಾನು "ಸರಿಯಾಗಿ ತಗೊಳ್ತೀರಾ?" ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ಮರ್ಯಾದೆಯ ಉತ್ತರ ಒಂದೇ, "ಹೌದು". ಬದಲಿಗೆ ಹೀಗೆ ಕೇಳಿದೆ: "ಇಷ್ಟೊಂದು ಮಾತ್ರೆ ಇದ್ದಾಗ ಎಲ್ಲರಿಗೂ ಕೆಲವು ದಿನ ತಪ್ಪುತ್ತೆ ಅಮ್ಮ. ನಿಮಗೆ ಯಾವ ಥರದ ದಿನ ತಪ್ಪುತ್ತೆ?" ಆಮೇಲೆ ಸುಮ್ಮನೆ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಹೇಳಿದರು: "ನೋಡಮ್ಮ, ಹೊರಗೆ ಹೋಗೋ ದಿನ ನಾನು ಬೆಳಗಿನ ಮಾತ್ರೆ ಮುಟ್ಟೋದೇ ಇಲ್ಲ. ಅರ್ಧ ಗಂಟೆಗೊಂದು ಸಲ ಮೂತ್ರಕ್ಕೆ ಹೋಗ್ಬೇಕಾಗುತ್ತೆ. ಬಸ್ಸಲ್ಲಿ ಏನು ಮಾಡೋದು? ಒಂದು ಸಲ ತಡೆಯೋಕೆ ಆಗದೆ ಸೀರೆ ಒದ್ದೆ ಆಯ್ತು. ಅವತ್ತಿಂದ ಬಿಟ್ಟೆ."

ಬೆಳಗಿನ ಮಾತ್ರೆ ಅಂದರೆ ಫ್ಯುರೊಸೆಮೈಡ್ ಒಂದೇ ಅಲ್ಲ. ಮೂರೂ. ಮೂರರಲ್ಲಿ ಮೂತ್ರ ಹೆಚ್ಚಿಸುವುದು ಯಾವುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಮೂರನ್ನೂ ಬಿಡುತ್ತಿದ್ದರು. ಹೊರಗೆ ಹೋಗುವ ದಿನ ನಡೆಯಬೇಕಲ್ಲ, ಮಂಡಿ ಹಿಡಿಯುತ್ತದೆ, ಅದಕ್ಕೆ ಬೆಳಿಗ್ಗೆ ಒಂದು ಐಬುಪ್ರೊಫೆನ್, ಮಧ್ಯಾಹ್ನ ಇನ್ನೊಂದು. ಮನೆಯಲ್ಲಿರುವ ದಿನವೂ ರಾತ್ರಿ ಒಂದು.

ಇಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಡಾಕ್ಟರ್ ಹತ್ತಿರ ಬರುವ ದಿನವೂ ಹೊರಗೆ ಹೋಗುವ ದಿನವೇ ಅಲ್ವಾ? ಕೇಳಿದೆ. ಹೌದು ಅಂದರು. ಅಂದರೆ ಫೈಲ್‌ನಲ್ಲಿ ಇದ್ದ ಇತ್ತೀಚಿನ ಬಿಪಿ ಸಂಖ್ಯೆಗಳು ಮಾತ್ರೆ ಬಿಟ್ಟ ದಿನದವು, ನೋವಿನ ಮಾತ್ರೆ ನುಂಗಿದ ದಿನದವು. ಅವನ್ನು ನೋಡಿ ಡೋಸ್ ನಿರ್ಧಾರ ಆಗುತ್ತಿತ್ತು. ಮನೆಯಲ್ಲಿ ಇರುವ ದಿನ ಆ ಹೆಚ್ಚಿಸಿದ ಡೋಸ್ ಪೂರ್ತಿ ಒಳಗೆ ಹೋಗುತ್ತಿತ್ತು. ಆ ದಿನಗಳಲ್ಲಿ ಏನಾಗುತ್ತಿತ್ತು ಅಂತ ಕೇಳಿದರೆ, "ಮಂಚದಿಂದ ಏಳುವಾಗ ಕಣ್ಣು ಕತ್ತಲೆ ಬರುತ್ತೆ, ಗೋಡೆ ಹಿಡ್ಕೊಂಡು ನಿಂತ್ಕೋತೀನಿ, ಬಚ್ಚಲಲ್ಲಿ ಒಂದು ಸಲ ಜಾರೋ ಹಾಗಾಯ್ತು" ಅಂದರು. ಇದು ಕೂಡ ಡಾಕ್ಟರ್‌ಗೆ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. "ವಯಸ್ಸಾಯ್ತು, ಹಾಗೇ ಇರುತ್ತೆ" ಅಂದುಕೊಂಡಿದ್ದರು.

ಒಳಗೆ ನಡೆಯುತ್ತಿದ್ದದ್ದು ಏನು

ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಇವೆಲ್ಲ ಒಂದೇ ಗುಂಪಿನ ನೋವಿನ ಮಾತ್ರೆಗಳು. ಇವು ದೇಹದಲ್ಲಿ ಉಪ್ಪು ಮತ್ತು ನೀರು ಉಳಿಯುವ ಹಾಗೆ ಮಾಡುತ್ತವೆ, ಬಿಪಿ ಏರಿಸುತ್ತವೆ, ರಾಮಿಪ್ರಿಲ್‌ನಂಥ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತವೆ. ದಿನಾ ತೆಗೆದುಕೊಂಡರೆ ಇದು ಸಣ್ಣ ವಿಷಯ ಅಲ್ಲ. ಪ್ಯಾರಾಸಿಟಮಾಲ್ ಈ ಗುಂಪಿಗೆ ಸೇರುವುದಿಲ್ಲ, ಆದರೆ ರೋಗಿಗಳಿಗೆ ಎರಡೂ ಒಂದೇ, "ನೋವಿನ ಮಾತ್ರೆ".

ಕಿಡ್ನಿಯ ವಿಷಯ ಇನ್ನೂ ಸೂಕ್ಷ್ಮ. ಕಿಡ್ನಿಯ ಒಳಗಿನ ಸೋಸುವ ಭಾಗಕ್ಕೆ ರಕ್ತ ತರುವ ಸಣ್ಣ ನಾಳ ಒಂದು, ಹೊರಗೆ ಒಯ್ಯುವ ನಾಳ ಇನ್ನೊಂದು. ನೋವಿನ ಮಾತ್ರೆ ಒಳಬರುವ ನಾಳ ಸಾಕಷ್ಟು ಹಿಗ್ಗದ ಹಾಗೆ ಮಾಡುತ್ತದೆ. ರಾಮಿಪ್ರಿಲ್ ಹೊರಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಫ್ಯುರೊಸೆಮೈಡ್ ದೇಹದ ನೀರಿನ ಪ್ರಮಾಣವನ್ನೇ ಕಡಿಮೆ ಮಾಡುತ್ತದೆ. ಮೂರೂ ಒಟ್ಟಿಗೆ ಸೇರಿದರೆ ಸೋಸಲು ಬೇಕಾದ ಒತ್ತಡ ಬೀಳುತ್ತದೆ, ಕ್ರಿಯಾಟಿನಿನ್ ಏರುತ್ತದೆ. ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ಅಪಾಯ. ನೋವಿನ ಮಾತ್ರೆ ವಿಷಯ ಗೊತ್ತಿದ್ದಿದ್ದರೆ ಈ ಅಮ್ಮನ ಡಾಕ್ಟರ್ ಕ್ಷಣದಲ್ಲಿ ಹಿಡಿಯುತ್ತಿದ್ದರು.

ಪಾದದ ಊತವೂ ಬೇರೆ ಕಾಯಿಲೆ ಆಗಿರಲಿಲ್ಲ. ಅಮ್ಲೋಡಿಪಿನ್ ಡೋಸ್ ಹೆಚ್ಚಾದಾಗ ಪಾದ ಊದುವುದು ಸಾಮಾನ್ಯ. ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆ ಇನ್ನೊಂದು ಮಾತ್ರೆ, ಅದರ ತೊಂದರೆಗೆ ಮಾತ್ರೆ ಬಿಡುವುದು, ಬಿಟ್ಟದ್ದಕ್ಕೆ ಬಿಪಿ ಏರುವುದು, ಏರಿದ್ದಕ್ಕೆ ಮತ್ತೆ ಡೋಸ್. ಈ ಸರಪಳಿಯ ಶುರು ಎಲ್ಲಿ? ಮಂಡಿನೋವಿನಲ್ಲಿ. ಒಂದು ವರ್ಷದ ಹಿಂದೆ ನೋವು ಜಾಸ್ತಿಯಾಗಿ ಅವರು ತಾವೇ ಐಬುಪ್ರೊಫೆನ್ ತೆಗೆದುಕೊಳ್ಳಲು ಶುರು ಮಾಡಿದ್ದರು. ಬಿಪಿ ಏರತೊಡಗಿದ್ದೂ ಆಗಲೇ.

ಯಾಕೆ ಹೇಳಿರಲಿಲ್ಲ

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು, ಯಾಕಂದರೆ "ರೋಗಿಗಳು ಮುಚ್ಚಿಡ್ತಾರೆ" ಅನ್ನುವ ಮಾತು ಆಸ್ಪತ್ರೆಗಳಲ್ಲಿ ತುಂಬಾ ಸುಲಭವಾಗಿ ಬರುತ್ತದೆ. ನನಗೆ ಅದು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಈ ಅಮ್ಮ ಮುಚ್ಚಿಟ್ಟಿರಲಿಲ್ಲ. ಒಂದೊಂದು ವಿಷಯ ಒಂದೊಂದು ಕಾರಣಕ್ಕೆ ಒಳಗೇ ಉಳಿದಿತ್ತು.

ನೋವಿನ ಮಾತ್ರೆ ಹೇಳದೇ ಇದ್ದದ್ದು, ಅದು ಹೇಳಬೇಕಾದ ವಿಷಯ ಅಂತ ಗೊತ್ತಿಲ್ಲದೇ ಇದ್ದುದರಿಂದ. ಡಾಕ್ಟರ್ ಬರೆದುಕೊಟ್ಟದ್ದು ಔಷಧಿ, ತಾನೇ ತಂದುಕೊಂಡದ್ದು ಔಷಧಿ ಅಲ್ಲ ಅನ್ನುವ ಲೆಕ್ಕ ಅವರದ್ದು. ಇವರು ಬಿಪಿ ಡಾಕ್ಟರ್, ಮಂಡಿ ವಿಷಯ ಇವರಿಗೆ ಯಾಕೆ ಅನ್ನುವುದು ಇನ್ನೊಂದು. ಕಣ್ಣು ಕತ್ತಲೆ ಬರುವುದನ್ನು ಕಾಯಿಲೆ ಅಂತಲೇ ಅಂದುಕೊಂಡಿರಲಿಲ್ಲ. ಮಾತ್ರೆ ಬಿಡುವುದು ಮಾತ್ರ ಅವರಿಗೆ ಗೊತ್ತಿದ್ದೂ ಹೇಳದ ವಿಷಯ. ಸೀರೆ ಒದ್ದೆಯಾದದ್ದನ್ನು ಮಗನ ಎದುರು ಹೇಗೆ ಹೇಳುವುದು? ಗಂಡಸು ಡಾಕ್ಟರ್ ಎದುರು ಹೇಗೆ ಹೇಳುವುದು? ಅದನ್ನು ಹೇಳದೆ "ಮಾತ್ರೆ ಬಿಡ್ತೀನಿ" ಅಂತ ಮಾತ್ರ ಹೇಳಿದರೆ ಬೈಗುಳ ಬೀಳುತ್ತದೆ.

ಅಮೆರಿಕದಲ್ಲಿ ನಡೆದ ಎರಡು ದೊಡ್ಡ ಸಮೀಕ್ಷೆಗಳು 2018ರಲ್ಲಿ ಒಟ್ಟಿಗೆ ಪ್ರಕಟವಾದವು. ಒಂದರಲ್ಲಿ ಸುಮಾರು 81 ಶೇಕಡಾ, ಇನ್ನೊಂದರಲ್ಲಿ ಸುಮಾರು 61 ಶೇಕಡಾ ಜನ ತಮ್ಮ ಡಾಕ್ಟರ್‌ಗೆ ಯಾವುದಾದರೂ ಒಂದು ಮುಖ್ಯ ವಿಷಯ ಹೇಳದೇ ಉಳಿಸಿಕೊಂಡಿದ್ದೇವೆ ಅಂತ ಒಪ್ಪಿಕೊಂಡರು. ಕೊಟ್ಟ ಕಾರಣಗಳಲ್ಲಿ ಮೇಲಿದ್ದದ್ದು, ಡಾಕ್ಟರ್ ತಮ್ಮನ್ನು ತಪ್ಪಾಗಿ ತಿಳಿಯುತ್ತಾರೆ, ಉಪದೇಶ ಮಾಡುತ್ತಾರೆ ಅನ್ನುವ ಅಳುಕು. ಜೊತೆಗೆ ನಾಚಿಕೆ. ಇದು ಓದು ಬರಹ ಬಾರದವರ ಸಮಸ್ಯೆ ಅಂತ ಅಂದುಕೊಳ್ಳುವವರಿಗೆ ಈ ಸಂಖ್ಯೆ ತೋರಿಸುತ್ತೇನೆ. ಇದು ಎಲ್ಲರ ಸಮಸ್ಯೆ.

ಇನ್ನೊಂದು ಕಾರಣ ಸಮಯ. 1984ರಲ್ಲಿ ಬೆಕ್‌ಮನ್ ಮತ್ತು ಫ್ರ್ಯಾಂಕೆಲ್ ಅನ್ನುವ ಇಬ್ಬರು ಸಂಶೋಧಕರು ಡಾಕ್ಟರ್ ಭೇಟಿಗಳ ಧ್ವನಿಮುದ್ರಣ ಕೇಳಿ ನೋಡಿದರು. ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡ್‌ಗೆ ಡಾಕ್ಟರ್ ಮಧ್ಯೆ ಬಾಯಿ ಹಾಕುತ್ತಿದ್ದರು. ತಡೆಯದೆ ಬಿಟ್ಟರೆ ರೋಗಿಗಳು ಗಂಟೆಗಟ್ಟಲೆ ಮಾತಾಡುತ್ತಾರೆ ಅನ್ನುವ ಭಯ ಡಾಕ್ಟರ್‌ಗಳಿಗೆ ಇದೆ, ಅದು ನಿಜ ಅಲ್ಲ. 2002ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಅಧ್ಯಯನದಲ್ಲಿ ಡಾಕ್ಟರ್‌ಗಳಿಗೆ ಸುಮ್ಮನೆ ಕೇಳಿಸಿಕೊಳ್ಳಲು ಹೇಳಿದರು. ರೋಗಿಗಳು ತಾವಾಗಿಯೇ ಮಾತು ಮುಗಿಸಲು ತೆಗೆದುಕೊಂಡದ್ದು ಸರಾಸರಿ 92 ಸೆಕೆಂಡ್. ಒಂದೂವರೆ ನಿಮಿಷ, ಅಷ್ಟೇ. ಆದರೆ ರೋಗಿಗೆ ಸಹಾಯ ಮಾಡುವ ನಾನು ಡಾಕ್ಟರ್ ಬದಲಾಗುವವರೆಗೆ ಕಾಯುವ ಹಾಗಿಲ್ಲ. ಸಿಗುವುದು 18 ಸೆಕೆಂಡ್ ಅಂತಲೇ ಇಟ್ಟುಕೊಂಡು, ಆ 18 ಸೆಕೆಂಡ್‌ನಲ್ಲಿ ಏನು ಬರಬೇಕು ಅಂತ ಯೋಚಿಸುತ್ತೇನೆ.

ತಯಾರಿ

ಒಂದು ಹಾಳೆ ತೆಗೆದುಕೊಂಡೆವು. ಮೊದಲು ಮಾತ್ರೆಗಳ ಪಟ್ಟಿ. ಡಾಕ್ಟರ್ ಬರೆದುಕೊಟ್ಟ ಹಾಗೆ ಅಲ್ಲ, ಅಮ್ಮ ನಿಜವಾಗಿ ತೆಗೆದುಕೊಳ್ಳುವ ಹಾಗೆ. "ರಾಮಿಪ್ರಿಲ್: ಮನೆಯಲ್ಲಿ ಇರುವ ದಿನ ಮಾತ್ರ. ಐಬುಪ್ರೊಫೆನ್ 400: ದಿನಾ ರಾತ್ರಿ, ಹೊರಗೆ ಹೋಗುವ ದಿನ ಇನ್ನೂ ಎರಡು, ಒಂದು ವರ್ಷದಿಂದ." ಬರೆಯುವಾಗ ಅಮ್ಮನಿಗೆ ಇದು ಇಷ್ಟವಾಗಲಿಲ್ಲ. "ಇದನ್ನ ಡಾಕ್ಟರಿಗೆ ತೋರಿಸ್ಬೇಕಾ?" ಅಂತ ಕೇಳಿದರು. ಡಾಕ್ಟರ್‌ಗೆ ಉಪಯೋಗ ಆಗುವುದು ಈ ಪಟ್ಟಿಯೇ, ಇನ್ನೊಂದು ಪಟ್ಟಿ ಅವರ ಹತ್ತಿರ ಈಗಾಗಲೇ ಇದೆ ಅಂತ ಹೇಳಿದೆ.

ಆಮೇಲೆ ಮನೆಯಲ್ಲೇ ಬಿಪಿ ನೋಡಿಕೊಳ್ಳಲು ಶುರು ಮಾಡಿದರು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟದಲ್ಲಿ ಇಟ್ಟು, ಮಾತಾಡದೆ. ಬೆಳಿಗ್ಗೆ ಮಾತ್ರೆಗೆ ಮೊದಲು ಒಮ್ಮೆ, ಸಂಜೆ ಒಮ್ಮೆ. ಸಂಖ್ಯೆಯ ಪಕ್ಕದಲ್ಲಿ ಎರಡೇ ವಿಷಯ: ಇವತ್ತು ಮಾತ್ರೆ ಆಯಿತಾ ಇಲ್ಲವಾ, ನೋವಿನ ಮಾತ್ರೆ ಎಷ್ಟು. ಒಂದು ವಾರದ ಪಟ್ಟಿ ನೋಡಿದರೆ ಕತೆ ತಾನೇ ಓದಿಕೊಳ್ಳುವ ಹಾಗಿತ್ತು. ಮಾತ್ರೆ ತೆಗೆದುಕೊಂಡ ದಿನಗಳ ಸಂಜೆ 130ರ ಆಸುಪಾಸು, ಬಿಟ್ಟ ದಿನ 160 ದಾಟಿದೆ. ಈ ಮಧ್ಯೆ ಮಾತ್ರೆಗಳಲ್ಲಿ ನಾನಾಗಿ ಏನೂ ಬದಲಾಯಿಸಲು ಹೇಳಲಿಲ್ಲ, ಅದು ನನ್ನ ಕೆಲಸ ಅಲ್ಲ. ಡಾಕ್ಟರ್ ಭೇಟಿಯನ್ನು ಮಾತ್ರ ಮುಂಚೆಗೆ ಹಾಕಿಸಿದೆವು, ಯಾಕಂದರೆ ಕಣ್ಣು ಕತ್ತಲೆ ಬರುವುದು ಮತ್ತು ಕಿಡ್ನಿ ಸಂಖ್ಯೆ ಎರಡೂ ತಿಂಗಳುಗಟ್ಟಲೆ ಕಾಯುವ ವಿಷಯ ಅಲ್ಲ.

ಹೆಚ್ಚು ಸಮಯ ಹಿಡಿದದ್ದು ಮೊದಲ ವಾಕ್ಯ. ಡಾಕ್ಟರ್ ಮುಂದೆ ಕೂತ ಕೂಡಲೇ ಏನು ಹೇಳಬೇಕು? ಅಮ್ಮ ಮೊದಲು ಹೇಳಿದ ಹಾಗೆ ಬಿಟ್ಟಿದ್ದರೆ ಮಂಡಿನೋವು ಯಾವಾಗ ಬಂತು ಅನ್ನುವುದರಿಂದ ಶುರುವಾಗಿ, ಊತ, ಬಸ್ಸು, ಎಲ್ಲ ಬಂದು, ಮುಖ್ಯ ವಿಷಯ ಎದ್ದು ಹೊರಡುವಾಗ ಬಾಗಿಲ ಹತ್ತಿರ ಬರುತ್ತಿತ್ತು. ನಾಚಿಕೆಯ ವಿಷಯ ಯಾವಾಗಲೂ ಹಾಗೇ, ಕೊನೆಗೇ ಬರುತ್ತದೆ, ಅಷ್ಟರಲ್ಲಿ ಮುಂದಿನ ರೋಗಿಯನ್ನು ಕರೆದಿರುತ್ತಾರೆ. ಅದಕ್ಕೆ ಅದನ್ನೇ ಮೊದಲಿಗೆ ತಂದೆವು. ಹಲವು ಸಲ ಬದಲಾಯಿಸಿ ಕೊನೆಗೆ ನಿಂತದ್ದು ಇದು:

"ಡಾಕ್ಟ್ರೇ, ಮೂರು ವಿಷಯ ಇದೆ. ಹೊರಗೆ ಹೋಗೋ ದಿನ ಮೂತ್ರದ ತೊಂದರೆಗೆ ನಾನು ಮಾತ್ರೆ ಬಿಡ್ತೀನಿ, ಇವತ್ತೂ ಬಿಟ್ಟಿದ್ದೀನಿ. ಮಂಡಿಗೆ ದಿನಾ ಐಬುಪ್ರೊಫೆನ್ ತಗೊಳ್ತೀನಿ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತೆ."

ಜೋರಾಗಿ ಓದಿದರೆ 18 ಸೆಕೆಂಡ್ ಕೂಡ ಆಗುವುದಿಲ್ಲ. "ಮೂರು ವಿಷಯ ಇದೆ" ಅಂತ ಮೊದಲೇ ಹೇಳುವುದರಲ್ಲಿ ಒಂದು ಲಾಭ ಇದೆ. ಕೇಳುವವರು ಮೂರು ಮುಗಿಯುವವರೆಗೆ ಕಾಯುತ್ತಾರೆ, ಒಂದಕ್ಕೇ ಹಿಡಿದು ಪ್ರಶ್ನೆ ಶುರು ಮಾಡುವುದಿಲ್ಲ. ಸೀರೆ ಒದ್ದೆಯಾದ ವಿಷಯ ಹೇಳಲೇಬೇಕಾದದ್ದು ಅಂತ ನನಗೆ ಅನಿಸಲಿಲ್ಲ. "ಮೂತ್ರದ ತೊಂದರೆ" ಅಂದರೆ ಡಾಕ್ಟರ್‌ಗೆ ಅರ್ಥ ಆಗುತ್ತದೆ, ಬೇಕಾದರೆ ಅವರು ಕೇಳುತ್ತಾರೆ. ರೋಗಿಯಿಂದ ಎಲ್ಲವನ್ನೂ ಹೊರಗೆ ಎಳೆಯುವುದು ನಮ್ಮ ಉದ್ದೇಶ ಆಗಬಾರದು. ಚಿಕಿತ್ಸೆಗೆ ಬೇಕಾದಷ್ಟು ಹೊರಗೆ ಬಂದರೆ ಸಾಕು.

ವಾಕ್ಯವನ್ನು ಅವರು ನನ್ನ ಮುಂದೆ ಜೋರಾಗಿ ಹೇಳಿ ಅಭ್ಯಾಸ ಮಾಡಿದರು. ಮನಸ್ಸಲ್ಲೇ ಹೇಳಿಕೊಂಡದ್ದು ಬಿಳಿ ಕೋಟು ಕಂಡಾಗ ಹಾರಿಹೋಗುತ್ತದೆ, ಬಾಯಲ್ಲಿ ಒಮ್ಮೆ ಬಂದದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹಾಳೆಯ ಮೇಲೆ ಕೂಡ ದೊಡ್ಡ ಅಕ್ಷರದಲ್ಲಿ ಬರೆದಿದ್ದೆವು. ಬಾಯಿ ಕಟ್ಟಿದರೆ ಹಾಳೆಯನ್ನೇ ಡಾಕ್ಟರ್ ಕೈಗೆ ಕೊಡುವುದು.

ಮಗನ ಜೊತೆ ಮಾತು ಬೇರೆಯಾಗಿ ಆಯಿತು, ಅಮ್ಮನ ಒಪ್ಪಿಗೆ ಕೇಳಿಕೊಂಡು. ಅವರಿಗೆ ತುಂಬಾ ನೋವಾಯಿತು. "ಅಮ್ಮ, ನನಗಾದ್ರೂ ಹೇಳಬಾರದಿತ್ತಾ ನೀನು?" ಅಂದರು. ಆ ಹೊತ್ತಿನಲ್ಲಿ ತಪ್ಪು ಯಾರದ್ದು ಅನ್ನುವ ಚರ್ಚೆಗೆ ನಾನು ಎಡೆ ಕೊಡಲಿಲ್ಲ. ಅವರಿಗೆ ಹೊಸ ಕೆಲಸ ಕೊಟ್ಟೆ. ಅಮ್ಮ ತಾವಾಗಿ ಮಾತು ಮುಗಿಸುವವರೆಗೆ ಬಾಯಿ ತೆರೆಯಬಾರದು. ಡಾಕ್ಟರ್ ಅವರ ಕಡೆ ನೋಡಿ ಕೇಳಿದರೂ "ಅಮ್ಮ ಹೇಳ್ತಾರೆ" ಅನ್ನಬೇಕು. ಆಮೇಲೆ ಡಾಕ್ಟರ್ ಹೇಳಿದ್ದನ್ನೆಲ್ಲ ಬರೆದುಕೊಳ್ಳಬೇಕು. ಜೊತೆಗೆ ಬರುವವರು ಸುಮ್ನೆ ಇದ್ದರೆ ಅವರಿಗೆ ತಾವು ಏನೂ ಮಾಡುತ್ತಿಲ್ಲ ಅನಿಸುತ್ತದೆ, ಬರೆಯುವ ಕೆಲಸ ಇದ್ದರೆ ಆ ತಳಮಳ ಕಡಿಮೆ. ಬರೆಯುವುದು ನಿಜಕ್ಕೂ ಬೇಕಾದದ್ದೂ ಹೌದು. ವೈದ್ಯರು ಹೇಳಿದ ಮಾಹಿತಿಯಲ್ಲಿ 40ರಿಂದ 80 ಶೇಕಡಾ ರೋಗಿಗಳಿಗೆ ಆ ಕೂಡಲೇ ಮರೆತುಹೋಗುತ್ತದೆ ಅಂತ 2003ರಲ್ಲಿ ಕೆಸೆಲ್ಸ್ ಎಂಬ ಸಂಶೋಧಕರು ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದಾರೆ. ನೆನಪಿದೆ ಅಂದುಕೊಂಡದ್ದರಲ್ಲೂ ಅರ್ಧದಷ್ಟು ತಪ್ಪಾಗಿ ನೆನಪಿರುತ್ತದಂತೆ.

ಆ ಭೇಟಿ

ಅಮ್ಮ ಕೂತ ಕೂಡಲೇ ಹೇಳಿದರು. ನಾನು ಜೊತೆಗಿದ್ದೆ. ಧ್ವನಿ ಸ್ವಲ್ಪ ನಡುಗುತ್ತಿತ್ತು, ಆದರೆ ಮೂರೂ ವಿಷಯ ಬಂದವು. ಡಾಕ್ಟರ್ ಕಂಪ್ಯೂಟರ್ ಕಡೆಯಿಂದ ತಿರುಗಿ ಕೂತರು. "ಯಾವ ನೋವಿನ ಮಾತ್ರೆ? ದಿನಾನಾ?" ಅಂತ ಕೇಳಿದರು. ಅಮ್ಮ ಹಾಳೆ ಕೊಟ್ಟರು. ಅವರು ಅದನ್ನು ಪೂರ್ತಿ ಓದಿದರು. ಬೈಯಲಿಲ್ಲ. "ಇದನ್ನ ಹೇಳಿದ್ದು ತುಂಬಾ ಒಳ್ಳೇದಾಯ್ತಮ್ಮ, ನಾನು ಬೇರೆ ಎಲ್ಲೋ ಹುಡುಕ್ತಾ ಇದ್ದೆ" ಅಂದರು.

ಬಿಪಿಯನ್ನು ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಿದರು. ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಬಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಆ ದಿನ ಮಾತ್ರೆ ಬಿಟ್ಟಿದ್ದರಿಂದ ಅಷ್ಟು ಬೀಳಲಿಲ್ಲ. ಮಾತ್ರೆ ತೆಗೆದುಕೊಂಡ ದಿನವೇ ನೋಡಬೇಕು ಅಂತ ಎರಡು ದಿನ ಬಿಟ್ಟು ಮತ್ತೆ ಬರಲು ಹೇಳಿದರು. ಆಗ 138 ಇದ್ದದ್ದು ನಿಂತಾಗ 112ಕ್ಕೆ ಬಂತು. ಅಮ್ಮ ಹೇಳಿದ ಕಣ್ಣು ಕತ್ತಲೆಗೆ ಸಂಖ್ಯೆ ಸಿಕ್ಕಿತು.

ಡಾಕ್ಟರ್ ಐಬುಪ್ರೊಫೆನ್ ನಿಲ್ಲಿಸಿದರು. ಫ್ಯುರೊಸೆಮೈಡ್ ನಿಲ್ಲಿಸಿದರು. ಅಮ್ಲೋಡಿಪಿನ್ ಮತ್ತೆ 5ಕ್ಕೆ ಇಳಿಸಿದರು. ರಾಮಿಪ್ರಿಲ್ ಹಾಗೇ ಉಳಿಯಿತು. ಮಂಡಿಗೆ ಪ್ಯಾರಾಸಿಟಮಾಲ್, ಹಚ್ಚುವ ಜೆಲ್, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮಕ್ಕೆ ಫಿಸಿಯೋಥೆರಪಿ. ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಎರಡು ವಾರಕ್ಕೆ ಮತ್ತೆ. ಸ್ಕ್ಯಾನ್ ಸದ್ಯಕ್ಕೆ ಬೇಡ. (ಇದನ್ನು ಓದಿ ಯಾರೂ ತಮ್ಮ ಮಾತ್ರೆ ತಾವೇ ನಿಲ್ಲಿಸಬೇಡಿ, ದಯವಿಟ್ಟು. ಇದು ಇವರೊಬ್ಬರ ದೇಹಕ್ಕೆ, ಇವರ ಪರೀಕ್ಷೆಗಳನ್ನು ನೋಡಿ ಮಾಡಿದ ಬದಲಾವಣೆ. ಬೇರೆಯವರಿಗೆ ಫ್ಯುರೊಸೆಮೈಡ್ ಹೃದಯಕ್ಕೆ ಅಂತ ಕೊಟ್ಟಿರಬಹುದು, ಅದನ್ನು ಬಿಟ್ಟರೆ ಪ್ರಾಣಕ್ಕೆ ಅಪಾಯ.)

ಹೊರಡುವ ಮೊದಲು ಇನ್ನೊಂದು ಕೆಲಸ ಇತ್ತು, ಇದನ್ನೂ ಅಭ್ಯಾಸ ಮಾಡಿಸಿದ್ದೆ. ಅಮ್ಮ ಹೇಳಿದರು: "ಡಾಕ್ಟ್ರೇ, ನನಗೆ ಅರ್ಥ ಆಗಿದ್ದನ್ನ ನಾನು ಹೇಳ್ತೀನಿ, ಸರಿ ಇದೆಯಾ ನೋಡಿ." ಹೇಳುತ್ತಾ ಹೋದರು. ಎಲ್ಲ ಸರಿ ಇತ್ತು, ಒಂದು ಬಿಟ್ಟು. "ಕಣ್ಣು ಕತ್ತಲೆ ಬಂದ ದಿನ ರಾಮಿಪ್ರಿಲ್ ತಗೊಳ್ಳೋದು ಬೇಡ" ಅಂದರು. ಡಾಕ್ಟರ್ ಹಾಗೆ ಹೇಳಿರಲಿಲ್ಲ. ವಾಂತಿ ಭೇದಿಯಾಗಿ ದೇಹದಲ್ಲಿ ನೀರು ಕಡಿಮೆ ಆದ ದಿನ ಫೋನ್ ಮಾಡಿ ಕೇಳಿ, ಆಗ ಕೆಲವು ದಿನ ನಿಲ್ಲಿಸಬೇಕಾಗಬಹುದು ಅಂದಿದ್ದರು. ಅಮ್ಮನ ಕಿವಿಯಲ್ಲಿ ಅದು ಬೇರೆಯಾಗಿ ಕೂತಿತ್ತು. ಅಲ್ಲೇ ತಿದ್ದಿದರು, ಮಗ ಬರೆದುಕೊಂಡರು. ವಾಪಸ್ ಹೇಳದೇ ಎದ್ದು ಬಂದಿದ್ದರೆ ಮಾತ್ರೆ ಬಿಡುವ ಹೊಸ ಅಭ್ಯಾಸ ಒಂದು ಶುರುವಾಗುತ್ತಿತ್ತು, ಅದೂ ಡಾಕ್ಟರ್ ಹೇಳಿದ್ದಾರೆ ಅನ್ನುವ ನಂಬಿಕೆಯಲ್ಲಿ.

ರೋಗಿಯಿಂದ ಹೀಗೆ ವಾಪಸ್ ಹೇಳಿಸಿಕೊಳ್ಳುವುದು ವೈದ್ಯರು, ನರ್ಸ್‌ಗಳು ಮಾಡಬೇಕಾದ ಕೆಲಸ ಅಂತ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅವರು ಮರೆತರೆ ರೋಗಿಯೇ ಶುರು ಮಾಡಬಹುದು. "ಅರ್ಥ ಆಯ್ತಾ?" ಅಂದರೆ ಎಲ್ಲರೂ "ಆಯ್ತು" ಅನ್ನುತ್ತಾರೆ. "ನನಗೆ ಅರ್ಥ ಆಗಿದ್ದು ಇದು" ಅಂತ ಹೇಳಿದಾಗ ಮಾತ್ರ ಎಲ್ಲಿ ತಪ್ಪಿದೆ ಅಂತ ಕಾಣುತ್ತದೆ.

ನಂತರ

ಎರಡು ವಾರಕ್ಕೆ ಕ್ರಿಯಾಟಿನಿನ್ 1.0, ಮುಂದಿನ ಪರೀಕ್ಷೆಯಲ್ಲಿ 0.9. ಪೊಟ್ಯಾಸಿಯಂ ಸರಿ ಇತ್ತು. ಪಾದದ ಊತ ಇಳಿಯಿತು. ಮನೆಯ ಬಿಪಿ 130ರಿಂದ 138ರ ಮಧ್ಯೆ, ಮೂರರ ಬದಲು ಎರಡೇ ಮಾತ್ರೆಯಲ್ಲಿ. ಹೊರಗೆ ಹೋಗುವ ದಿನ ಮಾತ್ರೆ ಬಿಡುವ ಕಾರಣವೇ ಇಲ್ಲವಾಯಿತು.

ಎಲ್ಲವೂ ಸುಲಭವಾಯಿತು ಅಂತ ಹೇಳುತ್ತಿಲ್ಲ. ಮಂಡಿನೋವು ಇದೆ. ಪ್ಯಾರಾಸಿಟಮಾಲ್ ಐಬುಪ್ರೊಫೆನ್‌ನಷ್ಟು ಕೆಲಸ ಮಾಡುವುದಿಲ್ಲ ಅಂತ ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ, ಅದು ನಿಜ ಕೂಡ. ವ್ಯಾಯಾಮದ ಫಲ ಕಾಣಲು ವಾರಗಳು ಬೇಕಾದವು, ಮಧ್ಯೆ ಒಂದೆರಡು ಸಲ ಮತ್ತೆ ಐಬುಪ್ರೊಫೆನ್ ನುಂಗಿದ್ದೂ ಉಂಟು. ಈ ಸಲ ಹಾಳೆಯಲ್ಲಿ ಬರೆದರು, ಡಾಕ್ಟರ್‌ಗೆ ಹೇಳಿದರು.

ನನ್ನ ಅನುಭವದಲ್ಲಿ ಎಲ್ಲ ಡಾಕ್ಟರ್‌ಗಳೂ ಹೀಗೆ ತಿರುಗಿ ಕೂರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕೆಲವರು ಹಾಳೆ ನೋಡಿ ಮುಖ ಸಿಂಡರಿಸುತ್ತಾರೆ. ಉದ್ದದ ಪಟ್ಟಿ ಕಂಡರೆ ಯಾರಿಗಾದರೂ ಗಾಬರಿಯೇ. ಅದಕ್ಕೆ ನಾನು ಒಂದೇ ಪುಟ, ದೊಡ್ಡ ಅಕ್ಷರ, ಮೂರಕ್ಕಿಂತ ಜಾಸ್ತಿ ವಿಷಯ ಬೇಡ ಅಂತ ಹಠ ಹಿಡಿಯುತ್ತೇನೆ. ನಾಲ್ಕನೆಯದು ಇದ್ದರೆ ಮುಂದಿನ ಭೇಟಿಗೆ. ಡಾಕ್ಟರ್ ಬೈದರೆ? ಬೈದರೂ ವಿಷಯ ಅವರ ಕಿವಿಗೆ ಬಿದ್ದಿರುತ್ತದೆ, ಟಿಪ್ಪಣಿಯಲ್ಲಿ ಸೇರುತ್ತದೆ. ಪದೇ ಪದೇ ಬೈಯುವವರಾದರೆ, ಸಾಧ್ಯವಿದ್ದವರು ಬೇರೆ ಡಾಕ್ಟರ್ ನೋಡಿಕೊಳ್ಳಿ ಅಂತ ನೇರವಾಗಿಯೇ ಹೇಳುತ್ತೇನೆ. ಹೆದರಿಕೊಂಡು ಅರ್ಧ ಹೇಳುವ ಜಾಗದಲ್ಲಿ ಸಿಗುವ ಚಿಕಿತ್ಸೆಯೂ ಅರ್ಧವೇ.

ಕೆಲವು ತಿಂಗಳ ನಂತರ ಅಮ್ಮ ಹಲ್ಲುನೋವಿಗೆ ಬೇರೆ ಡಾಕ್ಟರ್ ಹತ್ತಿರ ಹೋಗಿದ್ದರು, ಒಬ್ಬರೇ. ಹಲ್ಲು ಕಿತ್ತ ಮೇಲೆ ಆ ಡಾಕ್ಟರ್ ಡೈಕ್ಲೋಫೆನಾಕ್ ಬರೆಯಲು ಹೊರಟಾಗ ಅಮ್ಮ ತಮ್ಮ ಹಾಳೆ ತೆಗೆದು ಮುಂದಿಟ್ಟರಂತೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿತ್ತು: "ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಂಪಿನ ಮಾತ್ರೆ ಬೇಡ, ಕ್ರಿಯಾಟಿನಿನ್ ಏರಿತ್ತು." ಪ್ಯಾರಾಸಿಟಮಾಲ್ ಬರೆದುಕೊಟ್ಟರು. ಮುಂದಿನ ಭೇಟಿಗೆ ಅಮ್ಮ ಹಾಳೆಯಲ್ಲಿ ತಾವೇ ಒಂದು ಪ್ರಶ್ನೆ ಸೇರಿಸಿದ್ದಾರೆ: ಮಂಡಿ ಆಪರೇಷನ್ ಮಾಡಿಸಿಕೊಂಡರೆ ತಮಗೆ ಏನು ಲಾಭ, ಏನು ಅಪಾಯ, ಮಾಡಿಸಿಕೊಳ್ಳದೇ ಇದ್ದರೆ ಏನಾಗುತ್ತದೆ.